ಮರವಾದ ಮೇಲೆ ಬಗ್ಗಿದ ಮುದ್ದೀರ

ಹೂಂಗುಟ್ಟೋರು ಇದ್ರೆ ಹೇಳೋರಿಗೆ ಹುರುಪು. ಹೂಂ ಅಂತೀರಾ? ಹಂಗಾದ್ರೆ ಕೇಳಿ.

ಯಾವುದೋ ಸೀಮೆ, ಯಾವುದೋ ಊರು. ಹೆಸರು ಕೇಳ್ಬೇಡಿ, ಹೇಳಿದ್ರೆ ನೆಂಟಸ್ತನ ಹುಡುಕ್ತೀರಿ. ಆ ಊರಲ್ಲಿ ಮುದ್ದೀರ ಅಂತ ಒಬ್ಬ. ತಮಟೆ ಬಡಿದು ಡಂಗೂರ ಸಾರೋದು ಅವನ ಕೆಲಸ. ಮೂವತ್ತು ವರ್ಷ ಸಾರಿದ. ದಿನಾ ಬೆಳಿಗ್ಗೆ ಹುಲ್ಲು ಹೊತ್ತಿಸಿ ತಮಟೆನ ಬಿಸಿಗೆ ಹಿಡಿಯೋನು, ಬೆರಳಲ್ಲಿ ತಟ್ಟಿ ನೋಡೋನು, ಟಣ್ ಅಂದಮೇಲೆ ಬೀದಿಗಿಳಿಯೋನು. ಅವನು ಕೂಗಿದ್ರೆ ಕೆರೆಯಾಚೆ ಮೇಯೋ ಎಮ್ಮೆ ತಲೆ ಎತ್ತೋದು.

ಐವತ್ತಕ್ಕೆ ಬಿದ್ದ ವರ್ಷ ಗಂಟಲು ಕಟ್ಟಿತು. ಕಷಾಯ ಕುಡಿದ, ಮೆಣಸು ಅಗಿದ, ಹರಕೆ ಹೊತ್ತ. ಏನ್ ಮಾಡಿದ್ರೂ ಬಾಯಿಂದ ಗಾಳಿ ಬಂತೇ ಹೊರತು ಕೂಗು ಬರಲಿಲ್ಲ.

ಈಗ ಆ ಊರಿನ ಕಟ್ಟಳೆ ಕೇಳಿ. ತಮಟೆ ಯಾರ ಹೆಗಲಲ್ಲೋ, ಡಂಗೂರದ ಮನೆ ಅವರದು. ತಮಟೆ ಇಳಿದ್ರೆ ಮನೆ ಬಿಡಬೇಕು. ಮುದ್ದೀರನ ಹೆಂಡ್ತಿ ಸಾಕಮ್ಮ ಆ ಗೋಡೆಗೆ ಮೂವತ್ತು ಸಲ ಸುಣ್ಣ ಬಳಿದಿದ್ಲು, ಎಲ್ಲಿಗೆ ಹೋಗ್ತಾಳೆ? ಗೌಡ ಕೆಟ್ಟೋನಲ್ಲ. ಕಸುಬುದಾರರಿಗೂ ಊರು ಮನೆ ಕೊಡ್ತದೆ, ಯುಗಾದಿಯೊಳಗೆ ಒಂದು ಕಸುಬು ಕಲಿ, ಕಲಿಸಿದೋರು ನನ್ನ ಮುಂದೆ "ಕಲ್ತ" ಅಂತ ಒಂದು ಮಾತು ಹೇಳಲಿ, ಮನೆ ನಿಂದೇ ಅಂದ.

ಮುದ್ದೀರ ಕಮ್ಮಾರನ ಹತ್ರ ಹೋದ. ಅವನು ಇವನ ನರೆಗೂದಲು ನೋಡಿ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂದ. ಕುಂಬಾರನ ಹತ್ರ ಹೋದ. ಅವನು ಇವನ ಮಂಡಿ ನೋಡಿ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂದ. ಗಾದೆ ಎಲ್ಲರ ಮನೇಲೂ ಪುಕ್ಕಟೆ ತಾನೆ? ಕೊನೆಗೆ ಬುಟ್ಟಿ ಹೆಣೆಯೋ ಮೇದರ ಗಿರಿಯವ್ವನ ಹತ್ರ ಹೋದ. ಅವಳೂ ಅದನ್ನೇ ಅಂದ್ಲು. ಎದುರಾಡೋಕೆ ಇವನಿಗೆ ಗಂಟಲಿಲ್ಲ, ಸುಮ್ನೆ ಕೂತ. ಗಿರಿಯವ್ವಂದು ದಿನವೆಲ್ಲಾ ಬಾಯಿ. ಎದುರಾಡದೆ ಕೇಳೋ ಗಂಡಸು ಸಿಕ್ಕಿದ್ದು ಅವಳಿಗೆ ಎಪ್ಪತ್ತು ವರ್ಷದಲ್ಲಿ ಇದೇ ಮೊದಲು. ಹೊತ್ತು ಇಳಿಯೋದ್ರೊಳಗೆ ಬಿದಿರು ಸೀಳೋ ಮಚ್ಚು ಅವನ ಕೈಗೆ ಕೊಟ್ಲು.

ಮೊದಲನೇ ಬುಟ್ಟಿ ಹೆಣೆದ. ನೆಲಕ್ಕಿಟ್ರೆ ಕುಡಿದೋನಂಗೆ ವಾಲ್ತು. ಕೋಳಿ ಮುಚ್ಚೋಕೆ ಆಯ್ತು ಬಿಡಿ ಅಂದ್ಲು ಸಾಕಮ್ಮ. ಎರಡನೇದು ಮೊರ. ಕೇರಿದ್ರೆ ರಾಗಿ ಕೆಳಗೆ, ಹೊಟ್ಟು ಮೊರದಲ್ಲಿ. ನೋಡೋಕೆ ಚೆಂದಾಗದೆ ಅಂತ ಅದನ್ನ ಗೋಡೆಗೆ ನೇತುಹಾಕಿದ್ಲು. ಮೂರನೇ ಬುಟ್ಟಿ ಮಾತ್ರ ಕಣ್ಣು ಕುಕ್ಕೋ ಹಂಗಿತ್ತು. ಯಾಕೆ? ಬೇಗ ಬಗ್ತದೆ ಅಂತ ಎಳೇ ಬಿದಿರು ಕಡಿದಿದ್ದ. ಎರಡು ತಿಂಗಳಿಗೆ ಹುಳ ಬಿತ್ತು, ಎತ್ತಿದ್ರೆ ಹಿಟ್ಟು ಉದುರ್ತು.

"ಬಗ್ಗೋದೆಲ್ಲಾ ಬಾಳಲ್ಲ ಕಣಪ್ಪ," ಅಂದ್ಲು ಗಿರಿಯವ್ವ. "ಬಲಿತದ್ದು ತಗೊಂಬಾ."

ತಂದ. ಬುಟ್ಟಿ ಬಾಯಿಗೆ ಕಟ್ಟೋ ದಪ್ಪ ಪಟ್ಟಿ ಸೀಳಿ ಬಗ್ಗಿಸೋಕೆ ಹೋದ, ಮುರೀತು. ನೀರಲ್ಲಿ ನೆನೆಸಿದ, ಮುರೀತು. ಮಂಡಿಗೆ ಒತ್ತಿದ, ಮುರೀತು. ಗಿರಿಯವ್ವ ಎಲೆ ಅಡಿಕೆ ಅಗೀತಾ ನೋಡ್ತಿದ್ಲು. ಅಷ್ಟು ಮಾತಾಡೋಳು ಅಲ್ಲಿ ಮಾತ್ರ ಯಾಕೆ ಬಾಯಿ ಬಿಡಲಿಲ್ಲ? ಕೆಲವು ಪಾಠ ಕಿವಿಗೆ ಹೇಳಿದ್ರೆ ಕೈಗೆ ಇಳಿಯಲ್ಲ, ಅದಕ್ಕೆ.

ಯುಗಾದಿಗೆ ಮೂರೇ ದಿನ. ಮುದ್ದೀರ ಬೆಳಿಗ್ಗೆ ಎದ್ದು, ಹಳೇ ರೂಢಿ ನೋಡಿ, ಹುಲ್ಲು ಹೊತ್ತಿಸಿದ. ಬಿಸಿಗೆ ಹಿಡಿಯೋಕೆ ತಮಟೆ ಎಲ್ಲಿದೆ? ಅದು ಆಗಲೇ ಪಕ್ಕದೂರಿಂದ ಬಂದ ಹೊಸಬನ ಹೆಗಲೇರಿತ್ತು. ಕೈಲಿದ್ದದ್ದು ಬಿದಿರಿನ ಪಟ್ಟಿ. ಅದನ್ನೇ ಹಿಡಿದ, ತಿರುಗಿಸಿದ, ಬೆರಳಲ್ಲಿ ತಟ್ಟಿದ. ಬಿದಿರು ಸಣ್ಣಗೆ ಬೆವರ್ತು. ಮೆಲ್ಲಗೆ ಒತ್ತಿದ. ಕೈ ಹೇಳಿದ ಕಡೆ ಬಂತು. ಮುದ್ದೀರ ಅತ್ತ. ಅಳೋಕೆ ಗಂಟಲು ಬೇಕಿಲ್ಲ ನೋಡಿ. ಬಗ್ಗಿದ ಪಟ್ಟಿ ನೋಡಿ ಗಿರಿಯವ್ವ ಅವತ್ತು ಮೊದಲ ಸಲ ಅವನಿಗೂ ಒಂದು ಎಲೆ ಮಡಿಸಿ ಕೊಟ್ಲು.

ಯುಗಾದಿ ದಿನ ಗೌಡ ಗಿರಿಯವ್ವನ ಅಂಗಳಕ್ಕೆ ಬಂದ. ಹಿಂದೆ ಕಮ್ಮಾರ, ಕುಂಬಾರ, ಅರ್ಧ ಊರು. ಮುದ್ದೀರ ಬಿದಿರುಗಳನ್ನ ಒಂದೊಂದಾಗಿ ತಟ್ಟಿ, ಸದ್ದಿನಲ್ಲೇ ಬಲಿತದ್ದು ಆರಿಸಿದ. ಸೀಳಿದ, ಬಿಸಿಗೆ ಹಿಡಿದ, ಬಗ್ಗಿಸಿದ, ಹೆಣೆದಿಟ್ಟ ಬುಟ್ಟಿ ಬಾಯಿಗೆ ಕಟ್ಟಿದ. ಗಿರಿಯವ್ವ ಆ ಬುಟ್ಟಿ ಬೋರಲು ಹಾಕಿ, ಹತ್ತು ಗೌಡಪ್ಪ ಅಂದ್ಲು. ಗೌಡ ಎರಡು ರೀತಿಲೂ ತೂಕದ ಮನುಷ್ಯ. ಹತ್ತಿ ನಿಂತ. ಬುಟ್ಟಿ ಕಿರ್ ಅನ್ನಲಿಲ್ಲ.

"ಹಂಗಾದ್ರೆ 'ಕಲ್ತ' ಅನ್ನವ್ವ," ಅಂದ ಗೌಡ ಮೇಲಿಂದಲೇ.

"ಅನ್ನಲ್ಲ," ಅಂದ್ಲು ಗಿರಿಯವ್ವ.

ಸಾಕಮ್ಮ ಗುಂಪು ಸೀಳ್ಕೊಂಡು ಮುಂದೆ ಬಂದ್ಲು. ಗಿರಿಯವ್ವ ಕೈ ಎತ್ತಿ ತಡೆದ್ಲು.

"ನಾನು ಮಚ್ಚು ಹಿಡಿದು ಅರವತ್ತು ವರ್ಷ ಆಯ್ತು. ಕಲ್ತೆ ಅಂತ ಇವತ್ತಿಗೂ ಅಂದ್ಕೊಂಡಿಲ್ಲ. ಇವನು ಕಲೀತಾವ್ನೆ, ನಾನೂ ಕಲೀತಾ ಇವ್ನಿ. ಕಲ್ತೋರಿಗೇ ಮನೆ ಅನ್ನೋದಾದ್ರೆ ಮೊದಲು ನನ್ನ ಮನೆ ಬೀಗದ ಕೈ ತಗೋ."

ಗೌಡ ಕಮ್ಮಾರನ ಕಡೆ ತಿರುಗಿ, ನೀನು ಕಲ್ತಿದೀಯೇನಪ್ಪ ಅಂದ. ಕಮ್ಮಾರ ನೆಲ ನೋಡಿದ. ಕುಂಬಾರ ಸೂರು ನೋಡಿದ. ಗೌಡನಿಗೆ ನಗು ಬಂತು. ಬುಟ್ಟಿಯಿಂದ ಇಳಿದು, ಮುದ್ದೀರನ ಮನೆ ಮುದ್ದೀರನದೇ, ಹೊಸಬನಿಗೆ ಬೇರೆ ಮನೆ ಕಟ್ಟಿ ಅಂದ.

ಆ ಸುದ್ದಿ ಸಾರೋಕೆ ಹೊಸಬ ಬೀದಿಗಿಳಿದ. ತಮಟೆ ಸಪ್ಪೆ ನುಡೀತಿತ್ತು. ಮುದ್ದೀರ ಕೈಸನ್ನೆ ಮಾಡಿ ಅವನನ್ನ ಕರೆದು, ಬಿದಿರು ಕಾಯಿಸಿದ ಬೆಂಕಿಗೇ ತಮಟೆನೂ ಹಿಡಿದ. ಬೆರಳಲ್ಲಿ ತಟ್ಟಿ ನೋಡಿ, ಟಣ್ ಅಂದಮೇಲೆ ಕೊಟ್ಟು ಕಳಿಸಿದ.

ಬುಟ್ಟಿ ಅವರ ಮನೇಲಿ, ಕಥೆ ನಮ್ಮ ಬಾಯಲ್ಲಿ. ಹೂಂ ಅಂದೋರ ಕೈ ಬಗ್ಗಲಿ, ಬೆನ್ನು ನೆಟ್ಟಗಿರಲಿ.