ಬೆನ್ನಿಗೆ ಹೊದಿಸಿದ ಬೈರಾಸು

ನಾನು ನಳಿನಾಕ್ಷಿ ಪೂವಪ್ಪ ಸಾಲಿಯಾನ್, ವಯಸ್ಸು 71, ಗೃಹಿಣಿ, ವಾಸ ಕೋಪರಿ, ಥಾಣೆ ಪೂರ್ವ. ನನಗೆ ಬರೆಯಲು ಕನ್ನಡ ಒಂದೇ ಬರುವುದು. ಅದೂ ಶಾಲೆಯಲ್ಲಿ ಕಲಿತದ್ದಲ್ಲ, ಊರಿಗೆ ಕಾಗದ ಬರೆದು ಬರೆದು ಕಲಿತದ್ದು. ಆದ್ದರಿಂದ ಖಾರಘರ ಪೊಲೀಸ್ ಸ್ಟೇಷನ್ನಿನಲ್ಲಿ ಕನ್ನಡ ಬಲ್ಲ ಹವಾಲ್ದಾರ್ ಸೈದಪ್ಪನವರ ಎದುರು ಕನ್ನಡದಲ್ಲೇ ಬರೆದುಕೊಡುತ್ತಿದ್ದೇನೆ. ಮರಾಠಿಗೆ ಅವರು ಮಾಡಿಕೊಳ್ಳುತ್ತಾರೆ. ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಯಜಮಾನರು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ತೀರಿಕೊಂಡು ನಾಲ್ಕು ವರ್ಷವಾಯಿತು. ಕಳೆದ ಜೂನಿನಲ್ಲಿ ಮೊಮ್ಮಗಳು ತನ್ವಿ, ಖಾರಘರದಲ್ಲಿ ತಾನು ಓದುವ ವಿಶ್ವವಿದ್ಯಾಲಯ ತೋರಿಸಲು ನನ್ನನ್ನು ಕರೆದೊಯ್ದಳು. ಅಲ್ಲಿನ ಗ್ಯಾಲರಿಯಲ್ಲಿ ವಿಶ್ವವಿದ್ಯಾಲಯದ ಸಂಗ್ರಹದ ಚಿತ್ರಗಳನ್ನು ತೂಗುಹಾಕಿದ್ದಾರೆ. ಒಳಗೋಡೆಯಲ್ಲಿ ಇದ್ದಿಲಿನಿಂದ ಬರೆದ ಚಿತ್ರವೊಂದು ಗಾಜಿನ ಚೌಕಟ್ಟಿನಲ್ಲಿದೆ. ಪಂಚೆ ಉಟ್ಟ ಗಂಡಸು, ಮೈಮೇಲೆ ಅಂಗಿಯಿಲ್ಲ, ಬೆನ್ನು ತಿರುಗಿಸಿ ಕುಳಿತಿದ್ದಾರೆ. ಇಸವಿ 1983, ಕುಳಿತವರು ಯಾರೆಂದು ಗೊತ್ತಿಲ್ಲ ಎಂದು ಕೆಳಗೆ ಬರೆದಿರುವುದನ್ನು ತನ್ವಿ ಓದಿ ಹೇಳಿದಳು.

ಬಲ ಹೆಗಲಿನ ಕೆಳಗೆ ವಡೆಯ ಎಣ್ಣೆ ಸಿಡಿದ ಕಲೆ ಇತ್ತು. ಆ ಕಲೆಗೆ ತೆಂಗಿನೆಣ್ಣೆ ಹಚ್ಚಿದವಳು ನಾನು. ಆ ವರ್ಷ ಸೋಮವಾರ ಮಧ್ಯಾಹ್ನ ಓವರ್‌ಟೈಮ್ ಎಂದು ಅವರು ಹೋಗುತ್ತಿದ್ದುದು ಚಿತ್ರ ಕಲಿಯುವ ಹುಡುಗರ ಮುಂದೆ ಕೂರಲು ಎಂದು ನನಗೆ ಆಗ ತಿಳಿಯಿತು. ನಾಚಿಕೆಗೆ ಹೇಳಿರಲಿಕ್ಕಿಲ್ಲ. ಇದು ನಿನ್ನ ಅಜ್ಜ ಎಂದು ತನ್ವಿಗೆ ಹೇಳಿದೆ. "ಕುಛ್ ಭೀ, ಅಜ್ಜಿ," ಎಂದಳು, ಏನೇನೋ ಹೇಳುತ್ತೀ ಎಂಬಂತೆ. ಬೆನ್ನು ಎಲ್ಲರದೂ ಒಂದೇ ತರ ಎಂದು ಹಿಂದಿಯಲ್ಲಿ ಹೇಳಿ ಪಕ್ಕದ ಕೋಣೆಗೆ ಹೋದಳು.

ಅಂದಿನಿಂದ ಗುರುವಾರಗಳಂದು ನಾನೊಬ್ಬಳೇ ಪನ್ವೇಲ್ ಲೋಕಲ್ ಹಿಡಿದು ಹೋಗಿ ಆ ಚಿತ್ರದೆದುರಿನ ಬೆಂಚಿನಲ್ಲಿ ಕುಳಿತು ಬರುತ್ತಿದ್ದೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಅಲ್ಲಿಯೂ ಮಾತೇನಿಲ್ಲ, ಆದರೆ ಇಬ್ಬರಿರುತ್ತಿದ್ದೆವು. ಕಾವಲಿನ ಲಕ್ಷ್ಮೀಕಾಂತ, ಮಾವಶೀ ಚಹಾ ಆಯಿತಾ ಎಂದು ವಿಚಾರಿಸುವರು. ಒಳ್ಳೆಯ ಮನುಷ್ಯ. ಅಲ್ಲಿ ಎಸಿ ಜೋರು. ಯಜಮಾನರಿಗೆ ಚಳಿ ತಡೆಯುತ್ತಿರಲಿಲ್ಲ. ನಿನ್ನೆ ಹೊರಡುವಾಗ ಅವರು ಸ್ನಾನದ ನಂತರ ಮೈ ಒರೆಸುತ್ತಿದ್ದ ಬೈರಾಸನ್ನು ಚೀಲದಲ್ಲಿ ಇಟ್ಟುಕೊಂಡೆ.

ಮಧ್ಯಾಹ್ನ 3:15ರ ಸುಮಾರಿಗೆ ಇಬ್ಬರು ವಿದ್ಯಾರ್ಥಿಗಳು ಚಿತ್ರದ ಮುಂದೆ ನಿಂತು ಬೆನ್ನೆಲುಬು ಎಣಿಸಿ ನಕ್ಕರು. ಅವರ ಮೇಲೆ ನನ್ನ ದೂರಿಲ್ಲ, ಮಕ್ಕಳು. ಅವರು ಹೋದ ಮೇಲೆ ನಾನು ಬೈರಾಸನ್ನು ಚೌಕಟ್ಟಿನ ಮೇಲಿನಿಂದ ಹೊದಿಸಿದೆ. ಸೊಂಟದವರೆಗೂ ಬರಲೆಂದು ಎಳೆದಾಗ ಚೌಕಟ್ಟು ಕಳಚಿ ಬಿದ್ದು ಗಾಜು ಒಡೆಯಿತು. ಚಿತ್ರದ ಕೆಳಮೂಲೆಯಲ್ಲಿ ಬೆರಳುದ್ದದ ಗೀರು ಬಿದ್ದಿದೆ. ಬೆನ್ನಿಗೆ ಏನೂ ಆಗಿಲ್ಲ, ನೋಡಿದ್ದೇನೆ.

ಗ್ಯಾಲರಿ ನೋಡಿಕೊಳ್ಳುವ ಮಾನಸಿ ಮೇಡಂ ಓಡಿ ಬಂದು, ಕೈಗೆ ಗಾಜು ತಾಗಿತೇ ಎಂದು ಮೊದಲು ಕೇಳಿದರು. ಬೇಕೆಂದೇ ಚಿತ್ರ ಮುಟ್ಟಿದವರನ್ನು ಮತ್ತೆ ಒಳಗೆ ಬಿಡುವಂತಿಲ್ಲ, ಅದು ನಿಯಮ ಎಂದರು. ತಲೆ ತಿರುಗಿ ಹಿಡಿದುಕೊಂಡದ್ದಾದರೆ ಆಕಸ್ಮಿಕ, ದೂರಿಲ್ಲ, ಮುಂದೆಯೂ ಬರಬಹುದು, ಯಾವುದೆಂದು ಸ್ಟೇಷನ್ನಿನಲ್ಲಿ ಬರೆದುಕೊಡಿ ಎಂದರು. ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಈ ದಿನ ಸ್ಟೇಷನ್ನಿನಲ್ಲಿ ಸೈದಪ್ಪನವರೂ ಚಹಾ ತರಿಸಿಕೊಟ್ಟು ಅದನ್ನೇ ಹೇಳಿದರು. "ಆಯೀ, ಚಕ್ಕರ್ ಬಂತು ಅಂತ ಬರೀರಿ. ಮುಂದಿನ ವಾರ ಮತ್ತ ಹೋಗಿ ಕುಂದರ್ರಿ."

ಹಾಗೆ ಬರೆದರೆ ನಾನು ಹಿಡಿದುಕೊಂಡದ್ದು ಯಾರದೋ ಚಿತ್ರವಾಗುತ್ತದೆ. ನಾನು ಸತ್ತ ಮೇಲೆ ಅವರನ್ನು ಗುರುತು ಹಿಡಿಯುವವರು ಇಲ್ಲ.

"ಖರೇ ಬರದರ ಒಳಗ ಬಿಡಂಗಿಲ್ಲ ನೋಡ್ರಿ," ಎಂದು ಅವರು ಇನ್ನೊಮ್ಮೆ ಎಚ್ಚರಿಸಿದರು.

"ಗೊತ್ತುಂಟು ಮಗಾ," ಎಂದೆ. "ಅವರ ಹೆಸರು ಒಂದು ಕಡೆಯಾದರೂ ಇರಲಿ."

ನನಗೆ ತಲೆ ತಿರುಗಿರಲಿಲ್ಲ. ಚಿತ್ರದಲ್ಲಿ ಕುಳಿತವರು ನನ್ನ ಗಂಡ ಪೂವಪ್ಪ ಸಾಲಿಯಾನ್. ಬೈರಾಸನ್ನು ಬೇಕೆಂದೇ ಹೊದಿಸಿದ್ದೇನೆ.

ಇದನ್ನು ನಾನೇ ಬರೆದು ನಾನೇ ಮತ್ತೆ ಓದಿದ್ದೇನೆ. ಯಾರ ಒತ್ತಾಯವೂ ಇಲ್ಲ. ಇದರಲ್ಲಿರುವುದೆಲ್ಲ ಸತ್ಯ.

ಸ್ಥಳ: ಖಾರಘರ
ದಿನಾಂಕ: 19-09-2025
ಸಹಿ: ನಳಿನಾಕ್ಷಿ ಪೂವಪ್ಪ ಸಾಲಿಯಾನ್