ಮುಂದೆ ಹುಕ್ ಇರೋದೇ ಬೇಕು

ಅಲ್ಲ, ಹೀಗೆ ನಗೋದಾದ್ರೆ ನಾನು ಚೀಲ ಬಿಚ್ಚೋದೇ ಇಲ್ಲ ನೋಡು! ಬೆಳಿಗ್ಗೆಯಿಂದ ಬಸ್ಸಲ್ಲಿ ಜನಾನ ನಗ್ಸಿದ್ದಾಯ್ತು, ಈಗ ಮನೇಲಿ ಹೆಂಡ್ತಿ ಸುರು ಮಾಡಿದ್ಳು... ಹ್ಞಾ, ಬಸ್ಸಲ್ಲೇ! ಹೇಳ್ತೀನಿ ಇರು. ಮೊದ್ಲು ಒಂದು ಲೋಟ ನೀರು... ಬೇಡ ಬೇಡ, ನೀ ಏಳ್ಬೇಡ. ಆ ಕೈ ಮೇಲೆ ಎತ್ಬೇಡ ಅಂತ ಎಷ್ಟು ಸಲ ಹೇಳೋದು ಮಂಗಳಾ?

ನೀ ಅಳತೆಗೆ ಅಂತ ಕೊಟ್ಟಿದ್ದೆಯಲ್ಲ, ನಿನ್ನ ಹಳೇ ಬ್ರಾ, ಅದನ್ನ ಎಲ್ಲಿಡೋದು ಹೇಳು? ಪ್ಯಾಂಟಿನ ಜೇಬಲ್ಲಿಟ್ರೆ ಉಬ್ಬುತ್ತೆ. ಟಿಕೆಟ್ ಬ್ಯಾಗಿನ ತಳಕ್ಕೆ ತುರುಕಿದ್ದೆ. ಬಾಳಗಡಿ ಸ್ಟಾಪಲ್ಲಿ ಕಾಲೇಜು ಹುಡ್ಗೀರು ಹತ್ತಿದ್ರು. ‘ರೇಣುಕಣ್ಣ, ಚಿಲ್ರೆ’ ಅಂದ್ಳು ಒಬ್ಳು. ಕೈ ಹಾಕಿ ತೆಗೆದೆ... ಬಂತು ನೋಡು ಚಿಲ್ರೆ ಜೊತೆ ಅದರ ಪಟ್ಟಿ! ಬೆರಳಿಗೆ ಸಿಕ್ಕಾಕ್ಕೊಂಡು! ಎಳೆದ್ರೆ ಪೂರ್ತಿ ಬರುತ್ತೆ, ಬಿಟ್ರೆ ಒಳಗೆ ಹೋಗಲ್ಲ! ಇಪ್ಪತ್ತು ವರ್ಷ ಆಯ್ತು ಕಂಡಕ್ಟರ್ ಕೆಲಸಕ್ಕೆ ಸೇರಿ, ಮುಖ ಬಾಗಿಲ ಹೊರಗೆ ಹಾಕ್ಕೊಂಡು ಟಿಕೆಟ್ ಕೊಟ್ಟಿದ್ದು ಇವತ್ತೇ. ನಗು, ನಗು. ಕೆಮ್ಮಿದ್ರೆ ಹೊಲಿಗೆ ಎಳೀತದೆ ಅಂತೀಯ, ನಕ್ರೆ ಎಳಿಯಲ್ವಾ?

ನಾನೆಂತ ಮಾಡ್ಲಿ ಮಾರಾಯ್ತಿ? ಸೋಮವಾರ ನಾರ್ವೆ ಊರಿನ ಅಂಗನವಾಡಿಗೆ ಹೋಗ್ಲೇಬೇಕು, ಇಲ್ಲಾಂದ್ರೆ ಅಲ್ಲಿಗೆ ಬೇರೆ ಟೀಚರ್ ಹಾಕ್ತಾರೆ ಅಂತ ಅತ್ತಿದ್ದು ನೀನು. ಹೋಗು ಅಂದ್ರೆ ‘ಒಂದು ಕಡೆ ಖಾಲಿ ಇಟ್ಕೊಂಡು ಹ್ಯಾಗೆ ಹೋಗ್ಲಿ’ ಅಂದಿದ್ದೂ ನೀನೇ. ಮಣಿಪಾಲದಲ್ಲಿ ಆಪರೇಷನ್ ಆಗಿ ಎರಡು ತಿಂಗಳಾಯ್ತು, ನನ್ನ ಹಳೇ ಅಂಗಿ ಬಿಟ್ಟು ಬೇರೆ ಎಂತದೂ ಹಾಕಿಲ್ಲ ನೀನು, ಗೇಟು ದಾಟಿಲ್ಲ. ‘ಮೆತ್ತಗಿರೋ ಬ್ರಾ ಒಂದು ತಂದ್ಕೊಡಿ, ಹೋಗ್ತೀನಿ’ ಅಂದೆ. ತಂದಿದ್ದೀನಿ. ಅದೆಷ್ಟು ಅಂಗಡಿ ಹತ್ತಿ ಇಳಿದೆ ಗೊತ್ತಾ!

ಮೊದ್ಲು ಇಲ್ಲೇ ಕೊಪ್ಪದಲ್ಲಿ ಅಣ್ಣಯ್ಯನ ಅಂಗಡಿಗೆ ಹೋದೆ. ಬಾಯಿ ಬಿಡೋಕೆ ಮುಂಚೆ ‘ಬನಿಯನ್ನಾ ರೇಣುಕಪ್ಪ?’ ಅಂದ. ಹೌದು ಅಂದೆ. ಇನ್ನೇನು ಅನ್ಲಿ? ಅವನು ಊರಿಗೆಲ್ಲ ಸಾರೋ ಜನ! ಎರಡು ಬನಿಯನ್ ತಗೊಂಡು ಬಂದೆ. ಅವೂ ಚೀಲದಲ್ಲೇ ಇವೆ ನೋಡು. ಎನ್.ಆರ್.ಪುರದಲ್ಲಿ ಒಂದು ಚಿಕ್ಕ ಹುಡುಗಿ ಕೌಂಟರಲ್ಲಿ. ‘ಸೈಜ್ ಎಷ್ಟು ಅಂಕಲ್?’ ಅಂತು ಜೋರಾಗಿ. ಅಂಗಡಿ ತುಂಬ ಹೆಂಗಸರು. ಬಸ್ ಹೊರಡ್ತದೆ ಅಂತ ಓಡಿಬಂದೆ. ಡ್ರೈವರ್ ಮಂಜಪ್ಪ ಇನ್ನೂ ಹೋಟ್ಲಲ್ಲಿ ದೋಸೆ ತಿನ್ತಿದ್ದ!

ಕೊನೆಗೆ ಶೃಂಗೇರಿಲಿ ಸಿಕ್ತು. ಅಲ್ಲಿ ಬರೋರೆಲ್ಲ ದೂರದ ಜನ, ನನ್ನ ಗುರುತು ಯಾರಿಗಿರುತ್ತೆ ಅಂತ ಒಳಗೆ ಕಾಲಿಟ್ರೆ, ಅಂಗಡಿಯಾಕೆ ‘ಬನ್ನಿ ಕಂಡಕ್ಟ್ರೇ’ ಅಂದ್ರು! ಅಂಬುಜಾಕ್ಷಮ್ಮ ಅಂತೆ. ವಯಸ್ಸಾದೋರು. ಧೈರ್ಯ ಮಾಡಿ ಹಳೇದನ್ನ ಕೌಂಟರ್ ಮೇಲಿಟ್ಟೆ. ನರ್ಸ್ ಹೇಳಿದ್ದನ್ನ ಬಾಯಿಪಾಠ ಮಾಡಿದ್ದೆನಲ್ಲ, ಒಂದೇ ಉಸಿರಿಗೆ ಹೇಳ್ದೆ: ‘ಮುಂದೆ ಹುಕ್ ಇರೋದೇ ಬೇಕು, ಒಳಗೆ ತಂತಿ ಬೇಡ, ಪಟ್ಟಿ ಅಗಲ ಬೇಕು, ಹತ್ತಿ ಬಟ್ಟೆ.’ ಆಯಮ್ಮ ನಗ್ಲಿಲ್ಲ ಕಣೇ. ‘ಆಪರೇಷನ್ ಆಯ್ತಾ?’ ಅಂತ ಮೆಲ್ಲಗೆ ಕೇಳಿದ್ರು. ಹ್ಞೂ ಅಂತ ತಲೆ ಆಡಿಸ್ದೆ.

ಆಮೇಲೆ ಸುರು ನೋಡು ಪ್ರಶ್ನೆ. ‘ಗಾಯದ ಗೆರೆ ಕಂಕುಳವರೆಗೂ ಇದೆಯಾ? ಕೆಳಗಿನ ಪಟ್ಟಿ ಅದರ ಮೇಲೇ ಕೂರುತ್ತಾ? ಯಾವ ಕಡೆ ಉಜ್ಜುತ್ತೆ?’ ಅಂತ. ನಂಗೆಲ್ಲಿ ಗೊ... ಅಲ್ಲ, ಹೇಳ್ದೆ. ಏನೋ ಒಂದು ಹೇಳ್ದೆ. ನಿನಗೇ ಫೋನ್ ಮಾಡಿ ಕೇಳೋಣ ಅಂತ ಎದುರಿನ ಎಸ್‌ಟಿಡಿ ಬೂತಿಗೆ ಎರಡು ಸಲ ಹೋಗಿ ಎರಡು ಸಲನೂ ವಾಪಸ್ ಬಂದೆ. ಕೊನೆಗೆ ಅವರೇ ಪಾಪ ಅಂತ ಮೂರು ಥರದ್ದು ಕೊಟ್ರು. ಮನೇಲಿ ಹಾಕಿ ನೋಡ್ಲಿ, ಆಗದೇ ಇದ್ದದ್ದನ್ನ ವಾಪಸ್ ತನ್ನಿ ಅಂದ್ರು.

ಇಗೋ. ಇದು ಬಿಳೀದು, ಮುಂದೆ ಹುಕ್. ಮುಟ್ಟಿ ನೋಡು, ಎಷ್ಟು ಮೆತ್ತಗಿದೆ! ಇದಕ್ಕೆ ಹುಕ್ಕೇ ಇಲ್ಲ, ತಲೆ ಮೇಲಿಂದ... ಥೂ, ಕೈ ಎತ್ಬೇಕಲ್ಲ ಇದಕ್ಕೆ, ನನ್ನ ತಲೆಗೆ ಹೊಳೀಲೇ ಇಲ್ಲ. ಇದು ಹಿಂದೆ ಹುಕ್, ಸಡಿಲ ಮಾಡ್ಕೊಳ್ಳೋಕೆ ಪಟ್ಟಿ ಬೇರೆ ಕೊಟ್ಟಿದ್ದಾರೆ. ಮತ್ತೆ ಖಾಲಿ ಕಡೆಗೆ ಒಳಗೆ ತೆಳ್ಳಗಿನ ಬಟ್ಟೆ ಜೇಬು ಹೊಲಿದು ಹತ್ತಿ ತುಂಬ್ಬೇಕಂತೆ. ಬರೀ ಹತ್ತಿಗೆ ಭಾರ ಇರಲ್ಲ, ಬ್ರಾ ಆ ಕಡೆ ಮೇಲಕ್ಕೆ ಜಾರುತ್ತೆ, ಅದಕ್ಕೆ ಒಂದು ಹಿಡಿ ಸಾಸಿವೆ ಸೇರಿಸಿ ಅಂದ್ರು. ಎಳೇ ಮಕ್ಕಳಿಗೆ ಸಾಸಿವೆ ದಿಂಬು ಮಾಡ್ತೀವಲ್ಲ, ಹಾಗೆ. ಎಂತ ತಲೆ ನೋಡು ಆಯಮ್ಮಂದು!

ಹಾಕ್ಕೊಂಡು ನೋಡು ಮತ್ತೆ. ನಾನು ಹೊರಗಿರ್ತೀನಿ.

ಏಳು.

ಯಾಕೆ, ಆಗಲ್ವಾ ಒಬ್ಳಿಗೆ? ಪಕ್ಕದ್ಮನೆ ಭೈರಮ್ಮನ್ನ ಕರೀಲಾ? ಸ್ನಾನಕ್ಕೆ, ಬ್ಯಾಂಡೇಜಿಗೆ ಎಲ್ಲ ಇಷ್ಟು ದಿನ ಅವ್ರೇ ಅಲ್ವಾ ಮಾಡಿದ್ದು. ನಂಗೆ ಇಂಥದ್ದೆಲ್ಲ ಸರಿಯಾಗಿ ಬರಲ್ಲ... ಹುಕ್ಕು ಗಿಕ್ಕು... ಆಮೇಲೆ ಐದಕ್ಕೆ ಗಾಡಿ ಬೇರೆ. ಗೊತ್ತಲ್ಲ, ಹಾಲ್ಟ್ ಗಾಡಿ ನನ್ನ ತಲೆಗೇ ಕಟ್ಟಿದ್ದಾರೆ. ರಾತ್ರಿಯೆಲ್ಲ ಬಸ್ಸಲ್ಲೇ ಮಲಗಿ ಬೆಳಿಗ್ಗೆ ತಿರುಗಿ ಬರೋದು. ಸೊಳ್ಳೆ ಕಾಟ ಬೇರೆ! ಎರಡು ತಿಂಗಳು ಒಬ್ಬನಿಗೇ ಹಾಲ್ಟ್ ಹಾಕ್ತಾರಾ ಎಲ್ಲಾದ್ರೂ? ಜನ ಇಲ್ವಂತೆ. ನಂಗೇನು ಖುಷಿನಾ?

ಯಾಕೆ ಹಾಗೆ ನೋಡ್ತೀ?

ಏನಾದ್ರೂ ಅನ್ನು ಮಾರಾಯ್ತಿ. ಇಷ್ಟೊತ್ತು ನಗ್ತಿದ್ದೆ... ಮಂಜಪ್ಪ ಬಂದಿದ್ನಾ? ಏನಾದ್ರೂ ಹೇಳಿದ್ನಾ? ಇಲ್ವಾ? ಮತ್ತೆ ಯಾರು ಹೇಳಿದ್ರು? ಯಾರೂ ಹೇಳಿಲ್ಲ ಅಂದ್ರೆ ಯಾಕೆ ಹೀಗೆ ಕೂತಿದ್ದೀ? ಬಯ್ಯಾದ್ರೂ ಬಯ್ಯಿ!

ಸರಿ.

ಹಾಲ್ಟ್ ನಂಗೆ ಯಾರೂ ಹಾಕಿಲ್ಲ ಮಂಗಳಾ. ನಾನೇ ಕೇಳಿ ತಗೊಂಡೆ. ನಿನ್ನ ಮಣಿಪಾಲದಿಂದ ಕರ್ಕೊಂಡು ಬಂದ ಮಾರನೇ ದಿನವೇ ಬಸ್ ಆಫೀಸಿಗೆ ಹೋಗಿ ಕೇಳ್ದೆ, ಹಾಲ್ಟ್ ನಂಗೇ ಕೊಡಿ ಅಂತ. ಅವ್ರೇ ಬೇಡ ಅಂದ್ರು, ಹೆಂಡ್ತಿಗೆ ಹುಷಾರಿಲ್ವಲ್ಲ ರೇಣುಕಪ್ಪ ಅಂದ್ರು. ದುಡ್ಡು ಬೇಕು ಅಂತ ಸುಳ್ಳು ಹೇಳ್ದೆ.

ಅಸಹ್ಯ ಅಂತಲ್ಲ ಕಣೇ! ನಿನ್ನಾಣೆ. ಹಾಗೆ ಅಂದ್ಕೊಂಡಿದ್ಯಾ ಇಷ್ಟು ದಿನ? ಅಯ್ಯೋ... ಅಲ್ವೇ ಅಲ್ಲ. ನನ್ನ ಮುಖದಲ್ಲಿ ಏನೂ ಬಚ್ಚಿಡೋಕಾಗಲ್ಲ, ಅದು ನಿಂಗೇ ಗೊತ್ತು. ನೋಡಿದ ತಕ್ಷಣ ನನ್ನ ಮುಖ ಒಂಥರಾ ಆಗಿಬಿಟ್ರೆ? ಅದನ್ನ ನೀನು ನೋಡಿಬಿಟ್ರೆ? ಅಷ್ಟೇ ಹೆದರಿಕೆ. ಅಂಬುಜಾಕ್ಷಮ್ಮ ಗೆರೆ ಎಲ್ಲಿದೆ ಅಂತ ಕೇಳಿದಾಗ ನೆಲ ನೋಡ್ಕೊಂಡು ನಿಂತಿದ್ದೆ. ಕಟ್ಕೊಂಡ ಹೆಂಡ್ತಿ ಗಾಯ ಎಲ್ಲಿದೆ ಅಂತ ಗೊತ್ತಿಲ್ಲ ನಂಗೆ. ನಾಚಿಕೆ ಆಯ್ತು ಮಂಗಳಾ, ಹೇಳೋಕಾಗಲ್ಲ.

ಬಾ. ಕಿಟಕಿ ಹತ್ರ ಬಾ, ಬೆಳಕಿದೆ. ಗುಂಡಿ ನೀನೇ ಬಿಚ್ಚು. ಹ್ಞೂ... ಮೆಲ್ಲಗೆ. ತೋಳು ನಾನು ಹಿಡ್ಕೊಂಡಿದ್ದೀನಿ.

...

ಮಂಗಳಾ? ನೀನ್ಯಾಕೆ ಕಣ್ಣು ಮುಚ್ಕೊಂಡಿದ್ದೀ? ಇಲ್ಲೇ ಇದ್ದೀನಿ ನಾನು, ಓಡಿಹೋಗಿಲ್ಲ. ಕಣ್ಣು ಬಿಡೇ... ಎಂತ? ಒಂದು ಸಲನೂ ನೋಡ್ಕೊಂಡಿಲ್ವಾ ನೀನು? ಸ್ನಾನದ ಮನೇಲೂ? ಭೈರಮ್ಮ ಒರೆಸುವಾಗ್ಲೂ ಕಣ್ಣು ಮುಚ್ಕೊಂಡೇ? ಎರಡು ತಿಂಗಳು!... ಅಯ್ಯೋ ನನ್ನಪ್ಪಾ.

ಸರಿ. ಮುಚ್ಕೊಂಡೇ ಇರು. ನಾನು ಹೇಳ್ತೀನಿ, ನೀನು ಕೇಳು.

ಒಂದು ಗೆರೆ ಇದೆ. ಎದೆ ನಡುವಿಂದ ಸುರುವಾಗಿ ಎಡಗಂಕುಳವರೆಗೆ. ನೆಟ್ಟಗಿಲ್ಲ, ಕೊನೇಲಿ ಒಂಚೂರು ಸೊಟ್ಟ. ಒಣಗಿದೆ. ಕೀವಿಲ್ಲ, ಏನಿಲ್ಲ. ಕಂಕುಳ ಹತ್ರ ಮಾತ್ರ ಸ್ವಲ್ಪ ಊದಿದೆ. ಮೊಲೆ ಇಲ್ಲ. ಚಪ್ಪಟೆ. ಪಕ್ಕೆಲುಬು ಕಾಣ್ತದೆ. ಅದರ ಕೆಳಗೆ ನಿನ್ನ ಎದೆ ಬಡ್ಕೊಳ್ಳೋದು ಕಾಣ್ತಿದೆ ಕಣೇ, ಚರ್ಮ ಏಳ್ತಾ ಇಳೀತಾ ಇದೆ. ಮೊದ್ಲು ಹೀಗೆ ಕಾಣ್ತಿರ್ಲಿಲ್ಲ.

ಇಲ್ಲ, ಅಳ್ತಿಲ್ಲ.

ಹೌದು, ಅಳ್ತಿದ್ದೀನಿ. ಈ ಮುಖ ನೀನು ನೋಡಬಾರದು ಅಂತಲೇ ಇಷ್ಟು ದಿನ ಬಸ್ಸಲ್ಲಿ ಮಲಗಿದ್ದೆ. ಈಗ ಬಿಡು ಕಣ್ಣು. ಮೊದ್ಲು ನನ್ನ ಮುಖ ನೋಡು. ಆಮೇಲೆ ಕೆಳಗೆ ನೋಡುವಂತೆ.