ಕಿಮ್-ಹುವೆ ಅಕ್ಕ ಮಾಡಿದ ತರ್ಜುಮೆ

ಸಭೆಯ ಹಿರಿಯರೇ, ಗಾಯನ ಮಂಡಳಿಯ ಅಕ್ಕತಂಗಿಯರೇ, ಚಿಪ್ಪಿನಿಂದ ಸಿಂಪಿ ಬಿಡಿಸುವ ಕೆಲಸವನ್ನು ಅರ್ಧಕ್ಕೇ ಬಿಟ್ಟು ಬಂದವರೇ, ಕಿಮ್-ಹುವೆ ಅಕ್ಕನ ಮನೆಯವರೇ — ನಿಮ್ಮೆಲ್ಲರಿಗೂ ಸಮಾಧಾನವಿರಲಿ.

ನಿಮ್ಮ ತೈವಾನೀ ಮಾತಿನಲ್ಲೇ ಹೇಳುತ್ತೇನೆ. ತಪ್ಪಾದರೆ ಸಹಿಸಿಕೊಳ್ಳಿ. ಹನ್ನೊಂದು ವರ್ಷ ಇಲ್ಲಿ — ಇಲ್ಲೇ, ಈ ಮೈಕಿನ ಎಡಕ್ಕೆ — ನಿಂತು ನನ್ನ ಮ್ಯಾಂಡರಿನ್ ಪ್ರಸಂಗವನ್ನು ನಿಮಗೆ ತರ್ಜುಮೆ ಮಾಡಿದ ಅಕ್ಕ ಈಗಿಲ್ಲ.

ಇಂಥ ಸಭೆಯಲ್ಲಿ ಹೊಗಳಬೇಕು ಎಂಬುದು ಸಭಾಪಾಲಕನಾದ ನನಗೆ ಗೊತ್ತು. ಪ್ರಯತ್ನ ಮಾಡುತ್ತೇನೆ. ಆದರೆ ಆ ಹೆಂಗಸು ನನ್ನನ್ನು ಗೋಳು ಹೊಯ್ದುಕೊಂಡಷ್ಟು ಬೇರೆ ಯಾರೂ ಹೊಯ್ದುಕೊಂಡಿಲ್ಲ.

ನಾನು ತೈಪೆಯಿಂದ ಈ ಬಂದರಿಗೆ ಬಂದ ಮೊದಲ ಭಾನುವಾರ. ದೇವರ ಕೃಪೆ ಎಂಬ ಒಂದೇ ಮಾತಿನ ಮೇಲೆ ನಾಲ್ಕು ನಿಮಿಷ ಮಾತಾಡಿ, ಪಕ್ಕಕ್ಕೆ ತಿರುಗಿದೆ. ಅಕ್ಕ ಏಳೋ ಎಂಟೋ ಪದ ಹೇಳಿ ಬಾಯಿ ಮುಚ್ಚಿಕೊಂಡರು. ನಾನು ಕಾದೆ. ಅವರೂ ಕಾದರು.

"ಇಷ್ಟೇನಾ ಅಕ್ಕ?" ಎಂದು ಪಿಸುಗುಟ್ಟಿದೆ.

"ಅದರಲ್ಲಿ ಇದ್ದಿದ್ದೇ ಅಷ್ಟು, ಪಾಸ್ಟರ್ರೇ."

ಆಮೇಲೆ ನಿಮ್ಮತ್ತ ತಿರುಗಿ ನಿಮ್ಮ ಮಾತಿನಲ್ಲಿ ಏನೋ ಅಂದರು, ನೀವೆಲ್ಲ ನಕ್ಕಿರಿ. ಯಾಕೆಂದು ನನಗೆ ತಿಳಿಯಲಿಲ್ಲ.

ವಾರ ವಾರವೂ ಇದೇ. ನಾನು ಉದ್ದ ಹೇಳಿದರೆ ಅವರು ಗಿಡ್ಡ. ನಾನು ಗಿಡ್ಡ ಹೇಳಿದ ದಿನ ಅವರು ಐದು ನಿಮಿಷ ಬಿಡದೆ ಮಾತಾಡುತ್ತಿದ್ದರು — ಕೈ ಹೀಗೆ ಬೀಸಿಕೊಂಡು. ಬೇರೆಯವರನ್ನು ನೇಮಿಸಿ ಎಂದು ಹಿರಿಯರ ಮಂಡಳಿಗೆ ಪತ್ರ ಕೊಟ್ಟೆ. ತೈಪೆಯಲ್ಲಿ ಮನೆಗೆಲಸ ಮಾಡಿ ಎರಡೂ ಭಾಷೆ ಕಲಿತವರು ಊರಲ್ಲಿ ಅವರೊಬ್ಬರೇ ಎಂಬ ಉತ್ತರ ಬಂತು. ಆ ಉತ್ತರವನ್ನು ನನಗೆ ತರ್ಜುಮೆ ಮಾಡಿ ಹೇಳಿದವರೂ ಅವರೇ.

ಮೂರನೆಯ ವರ್ಷದ ಹೊತ್ತಿಗೆ — ಇದನ್ನು ನಾನು ನಿಮಗೆ ಯಾವತ್ತೂ ಹೇಳಿಲ್ಲ — ನಾನು ಬತ್ತಿಹೋಗಿದ್ದೆ. ಹಳೆಯ ನೋಟ್‌ಬುಕ್ ತೆಗೆದು ಹಳೆಯ ಪ್ರಸಂಗಗಳನ್ನೇ ಓದುತ್ತಿದ್ದೆ. ಮೂರನೇ ಸಾಲಿನಲ್ಲಿ ಬಾಂಗ್-ಸಿ ಅಜ್ಜಿ ಗೊರಕೆ ಹೊಡೆಯುತ್ತಿದ್ದರು. ಇರಲಿ ಅಜ್ಜಿ, ಈಗ ತಲೆ ತಗ್ಗಿಸಬೇಡಿ. ನನಗೂ ನಿದ್ದೆ ಬರುತ್ತಿತ್ತು. ಪ್ರಾರ್ಥಿಸಲು ಕೂತರೆ ಬಾಯಿಗೆ ಏನೂ ಬರುತ್ತಿರಲಿಲ್ಲ. ಕೊನೆಗೆ ರಾಜೀನಾಮೆ ಬರೆದೆ. ಆರಾಧನೆ ಮುಗಿದ ಮೇಲೆ ಓದುವುದೆಂದು ಜೇಬಿನಲ್ಲಿಟ್ಟುಕೊಂಡು ಬಂದೆ.

ಅಂದಿನ ಪ್ರಸಂಗ ತಾಳ್ಮೆಯ ಬಗ್ಗೆ. ಹಳೆಯದೇ.

ಅಷ್ಟರಲ್ಲಿ ಮೀನು ಮಾರುಕಟ್ಟೆಯಲ್ಲಿ ಕಿವಿಗೊಟ್ಟು ಕೇಳಿ ಕೇಳಿ ನನಗೆ ನಿಮ್ಮ ಮಾತು ಅರ್ಥವಾಗತೊಡಗಿತ್ತು. ಯಾರಿಗೂ ಹೇಳಿರಲಿಲ್ಲ. ತಾಳ್ಮೆಯ ಮೊದಲನೆಯ ಗುಣ ಹೇಳಿ ನಿಲ್ಲಿಸಿದೆ. ಅಕ್ಕ ಶುರು ಮಾಡಿದರು. ಅವತ್ತು ಅವರ ಮಾತು ಮೊದಲಿಂದ ಕೊನೆಯವರೆಗೆ ತಿಳಿಯಿತು.

"ಪಾಸ್ಟರ್ ಸೊರಗಿಹೋಗಿದ್ದಾರೆ. ನಾನು ಕಳಿಸೋ ಗಂಜಿ ಡಬ್ಬಿ ಮುಟ್ಟದೇನೇ ವಾಪಸ್ ಬರ್ತಿದೆ. ಮೂರು ವರ್ಷದಲ್ಲಿ ಹೇಗಿದ್ದೀರಿ ಅಂತ ಒಬ್ಬರಾದ್ರೂ ಅವರನ್ನ ಕೇಳಿದ್ದೀರಾ? ನಾನೂ ಕೇಳಿಲ್ಲ. ಈಗ ಅವರಿಗೋಸ್ಕರ ಮನಸ್ಸಲ್ಲೇ ಪ್ರಾರ್ಥನೆ ಮಾಡಿ. ಕಣ್ಣು ಮುಚ್ಚಬೇಡಿ, ಅನುಮಾನ ಬರುತ್ತೆ. ಅವರು ಮಾತಾಡ್ತಾನೇ ಇರ್ಲಿ."

ನಾನು ತಲೆಯೆತ್ತಿ ನೋಡಿದೆ. ನಲವತ್ತು ಜನ, ಒಬ್ಬರೂ ರೆಪ್ಪೆ ಮಿಟುಕಿಸದೆ, ನನ್ನನ್ನೇ ನೋಡುತ್ತಿದ್ದಿರಿ. ಗೊರಕೆ ನಿಂತಿತ್ತು. ಕೆಲವರ ತುಟಿ ಅಲುಗುತ್ತಿತ್ತು.

ನಾನೇನು ಮಾಡಲಿ? ತಾಳ್ಮೆಯ ಎರಡನೆಯ ಗುಣ ಹೇಳಿದೆ. ಮೂರನೆಯದನ್ನೂ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ. ಬಾಂಗ್-ಸಿ ಅಜ್ಜಿ ಅರ್ಧ ವಾಕ್ಯಕ್ಕೇ ಗಟ್ಟಿಯಾಗಿ "ಆಮೆನ್" ಎಂದರು. ಎಷ್ಟೋ ತಿಂಗಳ ಮೇಲೆ ನನ್ನೊಳಗೂ ಯಾರೋ ಆಮೆನ್ ಎಂದ ಹಾಗಾಯಿತು. ಆರಾಧನೆ ಎಂದರೆ ನಾನು ನಿಮಗೆ ಬಡಿಸುವುದು ಎಂದುಕೊಂಡಿದ್ದವನು, ಅವತ್ತು ಮೊದಲ ಸಲ ಇದೇ ಜಾಗದಲ್ಲಿ ನಿಂತು ಉಂಡೆ. ಪತ್ರ ಓದಲಿಲ್ಲ.

ಆದರೆ ಸಿಟ್ಟು ಬಂದಿತ್ತು. ನಿಜ ಹೇಳುತ್ತಿದ್ದೇನೆ. ಮಧ್ಯಾಹ್ನ ನೇರವಾಗಿ ಅವರ ಸಿಂಪಿ ಶೆಡ್ಡಿಗೆ ಹೋದೆ.

"ಮೂರು ವರ್ಷ ಹೀಗೇ ಮಾಡಿದ್ರಾ ಅಕ್ಕ? ನಾನು ಹೇಳಿದ್ದನ್ನ ಹೇಳ್ಲೇ ಇಲ್ವಾ?"

ಅವರಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ನಿಮಗೆ ನಮ್ಮ ಮಾತು ಬರುತ್ತೆ ಅನ್ನಿ. ಕಳ್ಳ. ಚೆನ್ನಾಗಿ ಹೇಳಿದ ದಿನ ಇದ್ದ ಹಾಗೇ ಹೇಳ್ದೆನಲ್ಲ."

"ಅಂಥ ದಿನ ಎಷ್ಟು?"

ಯೋಚಿಸಿದರು. ಯೋಚಿಸುತ್ತಲೇ ನಾಲ್ಕು ಸಿಂಪಿ ಬಿಡಿಸಿದರು. "ಎರಡು."

"ಎರಡೇನಾ?"

"ಕೈ ಖಾಲಿ ಇಟ್ಕೊಂಡು ಜಗಳ ಆಡಬೇಡಿ. ಆ ಚಾಕು ತಗೊಳ್ಳಿ, ಕೂತ್ಕೊಳ್ಳಿ."

ಕೂತೆ. ಬೆರಳು ಕುಯ್ದುಕೊಂಡೆ. ಮುಂದಿನ ಶನಿವಾರ ಮತ್ತೆ ಹೋದೆ, ಅದರ ಮುಂದಿನ ಶನಿವಾರವೂ. ಸಿಂಪಿ ಬಿಡಿಸುತ್ತ ನಾನು ನಾಳೆಯ ಪ್ರಸಂಗ ಹೇಳುವುದು, ಅವರು "ಇದು ಯಾರಿಗೆ ಬೇಕು?" ಎಂದು ನಡುವೆ ತಡೆಯುವುದು, ನಾನು ರೇಗುವುದು. ಎಂಟು ವರ್ಷ. ನಾನೇ ತೈವಾನೀಯಲ್ಲಿ ಹೇಳುತ್ತೇನೆ ಎಂದರೆ ಬಿಡುತ್ತಿರಲಿಲ್ಲ. "ನಿಮ್ಮ ತೈವಾನೀ ಕೇಳಿದ್ರೆ ಸಿಂಪಿನೂ ಬಾಯಿ ಮುಚ್ಕೊಳ್ಳುತ್ತೆ" ಎನ್ನುತ್ತಿದ್ದರು.

ಈ ಸಭೆ ದೊಡ್ಡದಾಯಿತೆಂದು ಹೇಳಲಾರೆ. ನಲವತ್ತು ಇದ್ದವರು ಮೂವತ್ತೇಳಾಗಿದ್ದೆವು. ಇಂದು ಮೂವತ್ತಾರು. ಆದರೆ ಪ್ರಸಂಗದ ನಡುವೆ ನೀವು ಬೆಂಚಿನಿಂದಲೇ ನನ್ನನ್ನು ಪ್ರಶ್ನೆ ಕೇಳುತ್ತೀರಿ. ಆರಾಧನೆ ಮುಗಿದ ಮೇಲೂ ಯಾರೂ ಮನೆಗೆ ಹೋಗುವುದಿಲ್ಲ. ಮೊದಲು ಹೀಗಿತ್ತೇ? ಇರಲಿಲ್ಲ.

ಕಳೆದ ತಿಂಗಳು ಆಸ್ಪತ್ರೆಯಲ್ಲಿ, ಉಸಿರಾಟದ ಕೊಳವೆ ಮೂಗಿನಲ್ಲಿದ್ದಾಗಲೂ ಕೇಳಿದರು: "ಭಾನುವಾರ ಯಾರು ತರ್ಜುಮೆ ಮಾಡ್ತಾರೆ?"

"ನಾನೇ ತೈವಾನೀಲಿ ಹೇಳ್ತೀನಿ ಅಕ್ಕ."

ಕಣ್ಣು ಮುಚ್ಚಿಕೊಂಡರು. "ಪಾಪ, ಜನ."

ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದು. ಒಂದು ಒಳ್ಳೆಯ ಮಾತು ಹೇಳಿ ಹೋಗಬಹುದಿತ್ತು. ಹೇಳಲಿಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಅಕ್ಕನ ಯಜಮಾನರು ಬುನ್-ಹೊಕ್ ಅಣ್ಣ. ಸಮುದ್ರ ದೇವಿಯ ಗುಡಿಗೆ ನಡೆದುಕೊಳ್ಳುವವರು. ಮೂವತ್ತು ವರ್ಷ ಪ್ರತಿ ಭಾನುವಾರ ಹೆಂಡತಿಯನ್ನು ಸ್ಕೂಟರಿನಲ್ಲಿ ಕರೆತಂದು, ಮುಗಿಯುವವರೆಗೂ ಆ ಗೇಟಿನ ಹೊರಗೆ ಸಿಗರೇಟು ಸೇದುತ್ತ ಕಾದವರು. ನಾನು ಎಷ್ಟು ಕರೆದರೂ ಒಳಗೆ ಬಂದವರಲ್ಲ. ಕಳೆದ ಭಾನುವಾರ, ಅಕ್ಕನನ್ನು ಮಣ್ಣು ಮಾಡಿದ ನಾಲ್ಕನೆಯ ದಿನ, ಅದೇ ಹೊತ್ತಿಗೆ ಸ್ಕೂಟರ್ ಬಂದು ನಿಂತಿತು. ಹಿಂದಿನ ಸೀಟು ಖಾಲಿ. ಹೋಗಿ ಕೇಳಿದೆ. "ಎಲ್ಲಿಗೆ ಹೋಗಬೇಕೋ ಗೊತ್ತಾಗ್ಲಿಲ್ಲ, ಪಾಸ್ಟರ್ರೇ" ಎಂದರು.

ಇಂದು ಅವರು ಒಳಗಿದ್ದಾರೆ. ಕೊನೆಯ ಬೆಂಚಿನಲ್ಲಿ, ಬಾಗಿಲ ಹತ್ತಿರ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ, ಅವರಿಗೆ ಮುಜುಗರವಾಗುತ್ತದೆ.

ಈಗ ಒಂದು ನಿಮಿಷ ಎಲ್ಲರೂ ಎದ್ದು ಮೌನವಾಗಿರೋಣ. ಮಂಡಿ ನೋವಿರುವವರು ಕುಳಿತೇ ಇರಿ. ಬುನ್-ಹೊಕ್ ಅಣ್ಣ, ಇದು ನಿಮ್ಮ ಪದ್ಧತಿಯಲ್ಲ, ನೀವೂ ಕುಳಿತಿರಬಹುದು —

ಸರಿ. ಅಣ್ಣ ಆಗಲೇ ಎದ್ದು ನಿಂತಿದ್ದಾರೆ. ಏಳಿ.